ಮಾನ್‌ಖುರ್ದಿನ ಕರಿ ಕೆಸರು

ರಮಾಮಣಿ ಅಕ್ಕೋರ ಮೇಲೆ ಧರ್ಮಣ್ಣನಿಗಿರುವ ಸಿಟ್ಟು ಇವತ್ತಿಗೂ ಇಳಿದಿಲ್ಲ. ಬೈದರು ಅಂತಲ್ಲ, ಅವರು ಬೈಯಲೇ ಇಲ್ಲ. ಕೆಲಸಕ್ಕೆ ಕುತ್ತು ತಂದರು ಅಂತಲೂ ಅಲ್ಲ, ಅಂಥ ಬುದ್ಧಿ ಅವರಿಗೆ ಏಳು ಜನ್ಮ ಎತ್ತಿದರೂ ಬರುವಂಥದ್ದಲ್ಲ. ಒಂದು ಮಾತು ಕೇಳಿದರು. ಇವನು ಇಲ್ಲ ಅಂದ. ಅವರು ಆಯಿತು ಅಂದರು. ಇನ್ನೊಂದು ಸಲ ಕೇಳಬಾರದಾಗಿತ್ತೆ? ಕುರ್ಲಾದ ರೇಷನ್ ಅಂಗಡಿಯವನು ಕೂಡ ಸಕ್ಕರೆ ಬೇಕೋ ಬೇಡವೋ ಅಂತ ಎರಡೆರಡು ಸಲ ಕೇಳುತ್ತಾನೆ. ಕಣ್ಣಿಗೆ ಕಾಣದ ಜೀವಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಮತ್ತೆ ಮತ್ತೆ ನೋಡುವಷ್ಟು ಓದಿದವರು, ಒಬ್ಬ ಮನುಷ್ಯನ ಮಾತನ್ನು ಮಾತ್ರ ಒಂದೇ ಏಟಿಗೆ ನಂಬಿಬಿಡುವುದೇ? ಇದು ಧರ್ಮಣ್ಣನ ತಕರಾರು.

ಧರ್ಮಣ್ಣ ಇಂಡಿ ಕಡೆಯವನು. ಮೂರನೇ ಇಯತ್ತೆಯಲ್ಲಿದ್ದಾಗ ಮಾಸ್ತರರ ಕೈಯಿಂದ ಛಡಿ ಕಿತ್ತುಕೊಂಡು ಮುರಿದ, ಅಲ್ಲಿಗೆ ಶಾಲೆ ಮುಗಿಯಿತು. ಮೀಸೆ ಮೂಡುವ ಹೊತ್ತಿಗೆ ಕೂಲಿಯಾಳು ಕರೆದೊಯ್ಯುವ ಒಬ್ಬ ಮುಕಾದಮನ ಹಿಂದೆ ಮುಂಬಯಿಗೆ ಬಂದ. ಘಾಟ್ಕೋಪರ್‌ನಲ್ಲಿ ಆಗ ಒಂದು ಕಾಲೇಜಿನ ಬಿಲ್ಡಿಂಗ್ ಏಳುತ್ತಿತ್ತು, ಅದಕ್ಕೆ ಇಟ್ಟಿಗೆ ಹೊತ್ತ. ಬಿಲ್ಡಿಂಗ್ ಎದ್ದು ನಿಂತ ಮೇಲೆ ಜೊತೆಯವರೆಲ್ಲ ಬುಟ್ಟಿ ಸಲಿಕೆ ಎತ್ತಿಕೊಂಡು ಮುಂದಿನ ಸೈಟಿಗೆ ಹೋದರು. ಇವನು ಅಲ್ಲೇ ಉಳಿದುಕೊಂಡ. ಪ್ರಯೋಗಶಾಲೆಗೆ ಗ್ಯಾಸಿನ ಸಿಲಿಂಡರು, ಆ್ಯಸಿಡ್ಡಿನ ದೊಡ್ಡ ದೊಡ್ಡ ಜಾಡಿ ಹೊರಲು ಒಬ್ಬ ಹಮಾಲ ಬೇಕಾಗಿತ್ತು. ಹಮಾಲ ಅನ್ನುವುದೇ ಹುದ್ದೆಯ ಹೆಸರು. ಕುರ್ಲಾದ ಚಾಳಿನಲ್ಲಿ ಒಂದು ಖೋಲಿ ಸಿಕ್ಕಿತು, ಊರಿಂದ ಸುಂದ್ರವ್ವ ಬಂದಳು, ಸಂಸಾರ ಹೂಡಿದ.

ಅವನ ಸಿಟ್ಟು ಕಾಲೇಜಿಗೆಲ್ಲ ಗೊತ್ತಿತ್ತು. ನಳ ತೆರೆದಿಟ್ಟು ಹೊರಟುಹೋದ ಹುಡುಗನೊಬ್ಬನನ್ನು ಬಸ್ ಸ್ಟಾಪಿನ ತನಕ ಅಟ್ಟಿಸಿಕೊಂಡು ಹೋಗಿ, ತೋಳು ಹಿಡಿದು ಕರೆತಂದು, ಅವನ ಕೈಯಿಂದಲೇ ನಳ ಬಂದ್ ಮಾಡಿಸಿದ್ದ. ವಿಭಾಗದ ಮುಖ್ಯಸ್ಥರಾದ ಸತ್ಯಮೂರ್ತಿ ಸರ್ ಬೆಂಗಳೂರಿನವರು, ನಯವಾದ ಮನುಷ್ಯ. ಅವರೂ ಧರ್ಮಣ್ಣನಿಗೆ ಕೆಲಸ ಹೇಳುವ ಮುನ್ನ ಒಮ್ಮೆ ಅವನ ಮುಖ ನೋಡುತ್ತಿದ್ದರು. ಆದರೆ ಅವನು ಸುಳ್ಳು ಹೇಳುತ್ತಾನೆ ಅಂತ ಮಾತ್ರ ಯಾರೂ ಹೇಳಿದವರಲ್ಲ. ಗಾಜು ಒಡೆದರೆ ತಾನೇ ಹೋಗಿ, "ಒಡದೀನ್ರಿ, ಏನ್ ಮಾಡ್ತೀರಿ ಮಾಡ್ರಿ" ಅಂತ ಎದೆಯೊಡ್ಡಿ ನಿಲ್ಲುತ್ತಿದ್ದ.

ರಮಾಮಣಿ ಆ ಕಾಲೇಜಿಗೆ ಬಂದದ್ದು ಎಂಬತ್ತಾರರ ಸುಮಾರಿಗೆ. ಮೈಸೂರಿನವರು. ಗಂಡ ಸೀತಾರಾಮ ಬ್ಯಾಂಕಿನಲ್ಲಿ, ಮನೆ ಗೋರೆಗಾಂವ್‌ನಲ್ಲಿ. ಕಾಯಂ ಅಲ್ಲದ ನೌಕರಿ. ಪಾಠ ಮುಗಿಸಿ ಉಳಿದವರು ಲೋಕಲ್ ಹಿಡಿಯಲು ಓಡುವಾಗ ಇವರು ಪಡಸಾಲೆಯ ಕೊನೆಯ ಚಿಕ್ಕ ಕೋಣೆಯಲ್ಲಿ ಕೂತು ಏನೋ ಮಾಡುತ್ತಿದ್ದರು. ನಮ್ಮ ಕಡೆ ಹೆಣ್ಣು ಮಾಸ್ತರರನ್ನು ಅಕ್ಕೋರು ಅನ್ನುವುದು ರೂಢಿ. ಉಳಿದವರಿಗೆಲ್ಲ ಮ್ಯಾಡಮ್ ಆದವರು ಧರ್ಮಣ್ಣನ ಬಾಯಲ್ಲಿ ಮೊದಲ ದಿನದಿಂದಲೇ ಅಕ್ಕೋರಾದರು.

ಒಂದು ದಿನ ಅವರು ಬಂದು, "ಧರ್ಮಣ್ಣ, ನನಗೆ ಸ್ವಲ್ಪ ಕೆಸರು ಬೇಕಲ್ಲ," ಅಂದರು.

"ಮಳಿಗಾಲದಾಗ ನಮ್ಮ ಚಾಳಿಗೆ ಬರ್ರಿ ಅಕ್ಕಾರ, ಬೇಕಾದಷ್ಟ ಐತಿ."

"ಆ ಕೆಸರಲ್ಲ. ಗಾಳಿಯನ್ನೇ ಕಾಣದ ಕೆಸರು. ಕಪ್ಪಗಿರಬೇಕು, ಕೊಳೆತ ಮೊಟ್ಟೆ ವಾಸನೆ ಬರಬೇಕು."

"ನೀವು ತತ್ತಿ ಮುಟ್ಟಾಂಗಿಲ್ಲ. ಕೊಳತದ್ದರ ವಾಸನಿ ಹೆಂಗ ಗೊತ್ತಾತ್ರಿ?"

ರಮಾಮಣಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಆ ನಗು ಕೇಳಿದ ಮೇಲೆ ಇಲ್ಲ ಅನ್ನುವುದು ಹೇಗೆ?

ಆಗ ಹಾರ್ಬರ್ ಲೈನು ಮಾನ್‌ಖುರ್ದಿಗೆ ಮುಗಿಯುತ್ತಿತ್ತು. ಅಲ್ಲಿಂದ ಆಚೆ ಸಮುದ್ರದ ನೀರು ಒಳಗೆ ಬರುವ ಖಾಡಿ, ಉಪ್ಪುನೀರಲ್ಲಿ ಬೆಳೆಯುವ ಕಾಂದಳದ ಪೊದೆ, ಇಳಿತದ ಹೊತ್ತಿನಲ್ಲಿ ಕಣ್ಣು ಹಾಯುವಷ್ಟು ದೂರ ಕೆಸರು. ಧರ್ಮಣ್ಣ ಪ್ಯಾಂಟು ಮಡಚಿ ಇಳಿದ. ಮೇಲೆ ಕಂದು ಬಣ್ಣದ ತೆಳು ಪದರ, ಕೈ ಒಳಗೆ ಹೋದರೆ ಮಸಿಯಂಥ ಕಪ್ಪು. ಊರಿನ ಎರಿ ಹೊಲ ಮೊದಲ ಮಳೆಗೆ ನೆನೆದಾಗ ಇರುತ್ತಿದ್ದ ಬಣ್ಣವೇ ಅದು. ಒಂದು ಕ್ಷಣ ಅವನು ಹಾಗೇ ನಿಂತುಬಿಟ್ಟ. ದಂಡೆಯ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ ರಮಾಮಣಿ, "ಬಾಟಲಿ ತುಂಬ ತುಂಬಿ, ಮೇಲೆ ಗಾಳಿಗೆ ಜಾಗ ಬಿಡಬೇಡಿ," ಅಂತ ಕೂಗುತ್ತಿದ್ದರು.

ವಾಪಸ್ ಬರುವಾಗ ಲೋಕಲ್‌ನಲ್ಲಿ ರಂಪವಾಯಿತು. ಬಾಲ್ದಿಯಲ್ಲಿಟ್ಟ ಬಾಟಲಿಗಳು ಬಿಗಿಯಾಗಿದ್ದರೇನು, ಧರ್ಮಣ್ಣನ ಮೈಯೇ ನಾರುತ್ತಿತ್ತು. ಚೆಂಬೂರಿನಲ್ಲಿ ಹತ್ತಿದ ಒಬ್ಬ ಮೂಗು ಮುಚ್ಚಿಕೊಂಡು, "ಅರೇ ಭಾಯ್, ಕ್ಯಾ ಮರಾ ಹೈ ಬಾಲ್ಟೀ ಮೇ?" ಅಂದ.

"ಮರಾ ನಹೀ, ಜಿಂದಾ ಹೈ," ಅಂದ ಧರ್ಮಣ್ಣ. "ತೇರೇ ಸೇ ಜಾದಾ ಜಿಂದಾ!"

ಹೊಡೆದಾಟಕ್ಕೇ ಹೋಗುತ್ತಿತ್ತು. ಕುರ್ಲಾ ಬಂದದ್ದಕ್ಕೆ ಬಚಾವು. ಗಾಡಿ ಬದಲಿಸಲು ಬ್ರಿಜ್ ಹತ್ತುವಾಗ ರಮಾಮಣಿ ಕೇಳಿದರು: "ಅದು ಜೀವಂತ ಅಂತ ನಿಮಗೆ ಯಾರು ಹೇಳಿದ್ರು?"

"ಸತ್ತ ಮಣ್ಣಿಗೆ ಇಷ್ಟು ದೂರ ಯಾರ ಬರ್ತಾರ್ರಿ?"

ಆಮೇಲೆ ಅವರೇ ಕೂರಿಸಿಕೊಂಡು ಹೇಳಿದರು. ಶನಿವಾರ ಮಧ್ಯಾಹ್ನ ಕಾಲೇಜು ಖಾಲಿಯಾದ ಮೇಲೆ ಆ ಕೋಣೆಯ ಹೊರಗಿನ ಕಟ್ಟೆಯಲ್ಲಿ ಇಬ್ಬರೂ ಡಬ್ಬಿ ಬಿಚ್ಚುತ್ತಿದ್ದರು. ಕೋಣೆಯೊಳಗೆ ತುತ್ತು ಬಾಯಿಗಿಡಕೂಡದು ಅನ್ನುವುದು ಅವರ ಕಟ್ಟುನಿಟ್ಟು. ಇವನ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅವರ ಚಿತ್ರಾನ್ನ. ಕೊಟ್ಟು ತೆಗೆದುಕೊಂಡು ತಿನ್ನುವುದು.

ಯುರೇನಿಯಂ ಅಂತ ಒಂದು ಧಾತು ಇದೆ. ಗಣಿಯ ಸುತ್ತ, ಅದನ್ನು ಅರೆಯುವ ಕಾರ್ಖಾನೆಯ ಸುತ್ತ ಅದು ನೀರಿನಲ್ಲಿ ಕರಗಿ ನೆಲದೊಳಗೇ ಹರಿದು ಹೋಗುತ್ತದೆ. ಕಣ್ಣಿಗೆ ಕಾಣದು, ನಾಲಿಗೆಗೆ ಗೊತ್ತಾಗದು. ಎಲ್ಲೋ ದೂರದ ಬಾವಿಯಲ್ಲಿ ಏಳುತ್ತದೆ, ಕುಡಿದವರ ಮೂತ್ರಪಿಂಡ ಕೆಡುತ್ತದೆ. ಅಷ್ಟೊಂದು ನೀರನ್ನು ನೆಲದಿಂದ ಎತ್ತಿ ಸೋಸುವುದು ಆಗದ ಮಾತು. ಅದು ನಡೆಯದ ಹಾಗೆ ನೆಲದೊಳಗೇ ಕೂರಿಸಲು ಸಾಧ್ಯವೆ?

"ಈ ಕರಿ ಕೆಸರಲ್ಲಿ ಬ್ಯಾಕ್ಟೀರಿಯಾ ಇವೆ ಧರ್ಮಣ್ಣ. ಉಂಡದ್ದರಿಂದ ಬರುವ ಒಂದು ಭಾರವನ್ನ ಎಲ್ಲ ಜೀವಿಗಳೂ ಎಲ್ಲಾದರೂ ಇಳಿಸಲೇಬೇಕು, ಇಲ್ಲದಿದ್ದರೆ ಬದುಕು ಮುಂದೆ ಸಾಗಲ್ಲ. ನಾವು ಉಸಿರಾಡೋ ಗಾಳಿಯ ಮೇಲೆ ಇಳಿಸ್ತೀವಿ. ಇವಕ್ಕೆ ಗಾಳಿ ಇಲ್ಲ. ಅದಕ್ಕೇ ಕಬ್ಬಿಣದ ಮೇಲೋ ಗಂಧಕದ ಉಪ್ಪಿನ ಮೇಲೋ ಇಳಿಸ್ತವೆ. ಯುರೇನಿಯಂ ಸಿಕ್ಕಿದರೆ ಅದರ ಹೆಗಲಿಗೂ ಹಾಕ್ತವೆ ಅಂತ ನನ್ನ ಅನುಮಾನ."

"ಹಮಾಲರ ಅನ್ರಿ."

"ಹಮಾಲರೇ. ಎರಡು ಮೂಟೆ ಹೇರಿದರೆ ಯುರೇನಿಯಂ ನಡೆಯಲಾರದೆ ಕೂತುಬಿಡುತ್ತೆ. ನೀರಿನಿಂದ ಬೇರೆಯಾಗಿ, ಕಪ್ಪು ಕಲ್ಲಿನ ಪುಡಿಯ ಹಾಗೆ ಕೆಸರಲ್ಲಿ ಸೇರಿಕೊಳ್ಳುತ್ತೆ. ಇಲ್ಲವಾಗಲ್ಲ, ವಿಷವೂ ಹೋಗಲ್ಲ. ಆದರೆ ಹರಿದು ಹೋಗಿ ಇನ್ನೊಬ್ಬರ ಬಾವಿ ಸೇರಲ್ಲ."

"ಮತ್ತ ಎದ್ದರ?"

"ಗಾಳಿ ಸೋಕಿದರೆ ಏಳುತ್ತೆ. ಗಾಳಿ ಆ ಮೂಟೆನ ತಾನು ಎತ್ತಿಕೊಳ್ಳುತ್ತೆ, ಇದು ಹಗುರಾಗಿ ಮತ್ತೆ ನೀರಿಗೆ ಇಳಿಯುತ್ತೆ. ಗಾಳಿ ಸೋಕದೆಯೂ ಎದ್ದುಬಿಟ್ಟರೆ, ಅದು ಕೂತೇ ಇರಲಿಲ್ಲ, ಕೆಸರಿಗೆ ಸುಮ್ಮನೆ ಅಂಟಿಕೊಂಡಿತ್ತು ಅಂತ ಅರ್ಥ. ಆಗ ನಾನು ಹೇಳಿದ್ದೆಲ್ಲ ಸುಳ್ಳು."

ಈ ಮಾತು ಧರ್ಮಣ್ಣನಿಗೆ ಎದೆಗೇ ನಾಟಿತು. ಬದುಕಿಡೀ ಹೊತ್ತವನು ಅವನು. ಹೊತ್ತು, ಇಳಿಸಿ, ಉಸ್ಸಂತ ಕೂರುವ ಸುಖ ಅವನಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು!

ರಮಾಮಣಿ ಐದು ಬಾಟಲಿಯಲ್ಲಿ ಕೆಸರು ಹಾಕಿ, ಮೇಲೆ ಯುರೇನಿಯಂ ಉಪ್ಪು ಕರಗಿಸಿದ ನೀರು ತುಂಬಿ, ಹಾಲು ಹುಳಿಯಾದಾಗ ಹುಟ್ಟುವ ಆಮ್ಲದ ಉಪ್ಪನ್ನು ಆಹಾರವಾಗಿ ಬೆರೆಸಿದರು. "ಮಜ್ಜಿಗಿ ಊಟ," ಅಂದ ಧರ್ಮಣ್ಣ. ಗಾಳಿಯನ್ನೆಲ್ಲ ಹೊರದಬ್ಬಿ, ದಪ್ಪ ರಬ್ಬರಿನ ಬೂಚು ಬಿಗಿದು, ಮೇಲೆ ತಂತಿ ಸುತ್ತಿದರು. ನೀರು ತೆಗೆದು ನೋಡಬೇಕಾದಾಗ ಬೂಚು ಬಿಚ್ಚುವಂತಿಲ್ಲ, ಇಂಜೆಕ್ಷನ್ ಸೂಜಿಯನ್ನು ರಬ್ಬರಿನ ಮೂಲಕವೇ ಇಳಿಸಬೇಕು. ಸೂಜಿ ತೆಗೆದರೆ ರಬ್ಬರು ತಾನೇ ಮುಚ್ಚಿಕೊಳ್ಳುತ್ತದೆ. ಆರನೆಯದರಲ್ಲಿ ಬೇಯಿಸಿದ ಕೆಸರು. ಜೀವವಿಲ್ಲದಿದ್ದರೆ ಏನೂ ಆಗುವುದಿಲ್ಲ ಅಂತ ತೋರಿಸಲು.

ಮೊದಲು ಎಲ್ಲದರ ನೀರೂ ತಿಳಿಯಾದ ನಿಂಬೆ ಶರಬತ್ತಿನ ಬಣ್ಣ. ವಾರಗಳು ಕಳೆದವು. ಸತ್ತ ಕೆಸರಿನದು ಹಳದಿಯಾಗಿಯೇ ಉಳಿಯಿತು. ಉಳಿದ ಐದೂ ಮೆಲ್ಲಗೆ ಬಿಳುಪಾಗುತ್ತಾ ಬಂದು ಒಂದು ಬೆಳಿಗ್ಗೆ ನಳದ ನೀರಿನಂತಾದವು. ರಮಾಮಣಿ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತಿದ್ದರು. "ಕೂತಾವ್ರೀ?" ಅಂದ ಧರ್ಮಣ್ಣ. "ಕೂತ ಹಾಗಿದೆ," ಅಂದರು. ಆ ಬೆಳಗು ನೆನಪಾದರೆ ಧರ್ಮಣ್ಣನಿಗೆ ಈಗಲೂ ತಾನೇ ಏನೋ ಗೆದ್ದಂತೆ ಅನ್ನಿಸುತ್ತದೆ.

ಆದರೆ ಆ ಕೋಣೆಯ ಮೇಲೆ ಸತ್ಯಮೂರ್ತಿ ಸರ್ ಕಣ್ಣಿತ್ತು. ಸಾಮಾನು ಇಡಲು ಅವರಿಗೆ ಜಾಗ ಸಾಲುತ್ತಿರಲಿಲ್ಲ. "ದೀಪಾವಳಿ ರಜೆ ಮುಗಿಯೋವರೆಗೂ ನೋಡೋಣ ಕಣಮ್ಮ. ಅಲ್ಲೀತನಕ ಕೂತದ್ದು ಕೂತೇ ಇದ್ದರೆ ಕೋಣೆ ನಿನ್ನದು, ಮುಂದಿನ ಕೆಲಸಕ್ಕೆ ನಾನೇ ಬರೆದುಕೊಡ್ತೀನಿ. ಇಲ್ಲದಿದ್ದರೆ ಖಾಲಿ ಮಾಡು," ಅಂದರು. ರಮಾಮಣಿಯ ವರ್ಷಗಳ ಕೆಲಸವೆಲ್ಲ ಆ ಐದು ಬೂಚುಗಳ ಕೆಳಗೆ ಕೂತಿತ್ತು.

ಎಂಬತ್ತೊಂಬತ್ತರ ದಸರೆ ಬಂತು. ರಮಾಮಣಿ ಮೈಸೂರಿಗೆ ಹೋದರು. ಖಂಡೇ ನವಮಿಯ ದಿನ ಪ್ರಯೋಗಶಾಲೆಯ ಪೂಜೆ ಎಂದಿನಿಂದಲೂ ಧರ್ಮಣ್ಣನದೇ. ತಕ್ಕಡಿ, ಸೂಕ್ಷ್ಮದರ್ಶಕ, ಗ್ಯಾಸಿನ ಒಲೆ, ಕೆಳಗೆ ನಿಲ್ಲಿಸಿದ್ದ ಸತ್ಯಮೂರ್ತಿ ಸರ್ ಸ್ಕೂಟರು, ಎಲ್ಲವನ್ನೂ ಒರೆಸಿ ಕುಂಕುಮ ಹಚ್ಚಿ ಚೆಂಡು ಹೂವು ಇಟ್ಟ. ಕೊನೆಗೆ ಅಕ್ಕೋರ ಕೋಣೆಗೆ ಬಂದ. ಸಾಲಾಗಿ ನಿಂತ ಐದು ಬಾಟಲಿ. ಒಳಗೆ ತನ್ನಂಥ ಹಮಾಲರು, ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಕತ್ತಲಲ್ಲಿ ಮೂಟೆ ಹೇರುತ್ತಿದ್ದಾರೆ. ಒಂದಕ್ಕೆ ಊದಿನಕಡ್ಡಿ ಬೆಳಗಿ ಇನ್ನೊಂದನ್ನು ಬಿಟ್ಟರೆ ಹೇಗೆ? ಐದಕ್ಕೂ ಒಂದೊಂದು ಹಚ್ಚಿದ. ನಿಲ್ಲಿಸಲು ಬಾಳೆಹಣ್ಣು ಉಳಿದಿರಲಿಲ್ಲ. ರಬ್ಬರಿನ ಬೂಚು ಮೆತ್ತಗಿತ್ತು, ನಡುವೆ ಸೂಜಿಯ ಗುರುತೂ ಇತ್ತು. ಕಡ್ಡಿಯ ಕೆಂಪು ಬಣ್ಣದ ತುದಿಯನ್ನು ಅಲ್ಲಿಗೆ ಒತ್ತಿದ, ನೆಟ್ಟಗೆ ನಿಂತಿತು. ಸತ್ತ ಕೆಸರಿಗೆ ಪೂಜೆ ಬೇಡವೆಂದು ಆರನೆಯದನ್ನು ಬಿಟ್ಟ. ಹೊಗೆ ಎದ್ದಿತು, ಕೈ ಮುಗಿದ. ಆರಿದ ಮೇಲೆ ಕಡ್ಡಿ ಕಿತ್ತು, ಬೂದಿ ಒರೆಸಿ, ಬೀಗ ಹಾಕಿ ಮನೆಗೆ ಹೋದ.

ರಮಾಮಣಿ ವಾಪಸು ಬಂದಾಗ ನೀರು ಬಣ್ಣವಿಲ್ಲದೆ ತಿಳಿಯಾಗಿಯೇ ಇತ್ತು. ಬಾಟಲಿಯ ಕತ್ತಿಗೆ ಹಚ್ಚಿದ್ದ ಕುಂಕುಮ ನೋಡಿ, "ನನ್ನ ಹಮಾಲರಿಗೆ ಮರ್ಯಾದೆ ಮಾಡಿದ್ದೀರಿ," ಅಂತ ನಕ್ಕರು. ಮುಂದೆ ದೀಪಾವಳಿ, ಕಾಲೇಜಿಗೆ ಬೀಗ.

ರಜೆ ಮುಗಿದು ಕೋಣೆ ತೆರೆದಾಗ ಐದೂ ಬಾಟಲಿಯ ನೀರು ಹಳದಿ.

ರಮಾಮಣಿ ಒಂದೊಂದೇ ಬಾಟಲಿಯ ತಂತಿ ಮುಟ್ಟಿ ನೋಡಿದರು. ತಾವು ಸುತ್ತಿದ ಸುತ್ತು ಹಾಗೆಯೇ ಇತ್ತು. ಸತ್ಯಮೂರ್ತಿ ಸರ್ ಬಂದರು, ಅವರ ಹಿಂದೆ ಇನ್ನಿಬ್ಬರು ಮಾಸ್ತರರು.

"ನಾನು ಹೇಳಲಿಲ್ವಾ? ಇವನು ಪೂಜೆ ಗೀಜೆ ಅಂತ ಏನೋ ಮಾಡಿರ್ತಾನೆ," ಅಂದರು ಸರ್.

ಧರ್ಮಣ್ಣ ಎರಡು ಹೆಜ್ಜೆ ಮುಂದೆ ಬಂದ. "ಕುಂಕುಮ ಹಚ್ಚಿದ್ರ ನೀರು ಹಳದಿ ಆಕ್ಕೈತೇನ್ರಿ? ನಿಮ್ಮ ಸ್ಕೂಟರಿಗೂ ಹಚ್ಚೀನಿ. ಅದ್ಯಾಕ ಹಳದಿ ಆಗಿಲ್ಲ?"

ಮಾಸ್ತರರು ಕಿಸಕ್ಕೆಂದರು. ಆಗ ರಮಾಮಣಿ ತಿರುಗಿ, ಎಲ್ಲರೆದುರು, ಸಣ್ಣ ದನಿಯಲ್ಲಿ ಕೇಳಿದರು: "ಧರ್ಮಣ್ಣ, ನೀವು ಯಾವಾಗಲಾದರೂ ಬೂಚು ತೆಗೆದಿದ್ರಾ?"

ಅವರೂ ಕೇಳಿದರು! ಬೇರೆ ಯಾರಾದರೂ ಕೇಳಲಿ, ಇವರು?

"ತಗದಿಲ್ರಿ! ನನ್ನ ಮಕ್ಕಳ ಆಣಿ ಅಕ್ಕಾರ, ಒಂದ ಬೂಚಾನೂ ತಗದಿಲ್ಲ. ನಂಬಿಕಿ ಇಲ್ಲಂದ್ರ ನಾಳಿಂದ ಬರಾಂಗಿಲ್ಲ ತಗೋರಿ!" ದನಿ ಪಡಸಾಲೆಯ ಆ ತುದಿಗೂ ಕೇಳಿಸಿತು.

ರಮಾಮಣಿ ಅವನ ಮುಖ ನೋಡಿದರು. ಆಮೇಲೆ, "ಆಯ್ತು ಧರ್ಮಣ್ಣ," ಅಂದರು. ಎರಡನೇ ಸಲ ಕೇಳಲಿಲ್ಲ.

ವರ್ಷ ಮುಗಿಯುವುದರೊಳಗೆ ಕೋಣೆ ಬಿಟ್ಟುಕೊಟ್ಟು ಅವರು ಗೋರೆಗಾಂವ್‌ನ ಒಂದು ಶಾಲೆಗೆ ಸೇರಿದರು. ಹೋಗುವ ದಿನ ಧರ್ಮಣ್ಣ ಸಿಟ್ಟಿನಲ್ಲಿ ರಜೆ ಹಾಕಿದ್ದ.

ಬಾಟಲಿಗಳಿಗೆ ಕೈ ಹಚ್ಚಲು ಎಲ್ಲರಿಗೂ ಅಂಜಿಕೆ. ಕಪಾಟಿನಲ್ಲಿ ಬೀಗದೊಳಗೆ ಹಾಗೇ ಇದ್ದವು. ತೊಂಬತ್ತೆರಡರ ಬೇಸಿಗೆಯಲ್ಲಿ ಸುಣ್ಣ ಬಳಿಯುವ ಕಾಲಕ್ಕೆ, ಅಂಥ ವಿಷದ ಕಸ ಒಯ್ಯುವ ಕೆಲಸದವರು ಬಂದು ಕೆಸರು ನೀರು ಎರಡನ್ನೂ ಡ್ರಮ್ಮಿಗೆ ಸುರಿದುಕೊಂಡು ಹೋದರು. ಖಾಲಿ ಬಾಟಲಿ ತೊಳೆಯುವುದು ಧರ್ಮಣ್ಣನ ಪಾಲಿಗೆ ಬಂತು. ಅಕ್ಕೋರು ಕಲಿಸಿದ್ದ ಹಾಗೆ ಕೈಗೆ ರಬ್ಬರ್ ಗವಸು ತೊಟ್ಟು, ಆ್ಯಸಿಡ್ಡಿನಲ್ಲಿ ತೊಳೆದು, ನೀರು ತುಂಬಿ ಬೂಚು ಒತ್ತಿ, ಬೂಚೂ ನೆನೆಯಲೆಂದು ತಟ್ಟೆಯಲ್ಲಿ ಅಡ್ಡ ಮಲಗಿಸಿದ. ಚಹಾ ಕುಡಿದು ಬರುವಷ್ಟರಲ್ಲಿ ತಟ್ಟೆಯಲ್ಲಿ ನೀರು ನಿಂತಿತ್ತು.

ಬಗ್ಗಿ ನೋಡಿದ. ಐದು ಬೂಚುಗಳ ನಡುವಿನಿಂದ ಹನಿ ಹನಿಯಾಗಿ ಒಸರುತ್ತಿತ್ತು. ಆರನೆಯದು, ಸತ್ತ ಕೆಸರಿನದು, ಒಣಗಿತ್ತು. ಒಂದು ಬೂಚು ತೆಗೆದು ಬೆಳಕಿಗೆ ಹಿಡಿದು ಬೆರಳಿಂದ ಅಗಲಿಸಿದ. ಒಳಗೆ ಬಿದಿರಿನ ಸಣ್ಣ ಸಿಬಿರು ಸಿಕ್ಕಿಕೊಂಡಿತ್ತು. ಕೆಂಪು ಬಣ್ಣ ಮಾಸಿತ್ತು, ಆದರೂ ಕೆಂಪೇ.

ಧರ್ಮಣ್ಣ ಅಲ್ಲೇ ನೆಲದ ಮೇಲೆ ಕೂತ.

ಅವನು ಸುಳ್ಳು ಹೇಳಿರಲಿಲ್ಲ. ಬೂಚು ತೆಗೆದಿರಲಿಲ್ಲ. ಆದರೆ ಗಾಳಿ ಹೋಗಿತ್ತು. ಗಾಳಿ ಹೋಗಿತ್ತು ಅಂದರೆ ಕೂತದ್ದು ನಿಜವಾಗಿಯೂ ಕೂತಿತ್ತು. ಅಕ್ಕೋರು ಹೇಳಿದ್ದು ಸುಳ್ಳಾಗಿರಲಿಲ್ಲ.

ಮುಂದಿನ ಭಾನುವಾರ ಆ ಬೂಚನ್ನು ಕರವಸ್ತ್ರದಲ್ಲಿ ಸುತ್ತಿ ಕಿಸೆಯಲ್ಲಿಟ್ಟುಕೊಂಡು, ದಾದರ್‌ನಲ್ಲಿ ಗಾಡಿ ಬದಲಿಸಿ ಗೋರೆಗಾಂವ್‌ಗೆ ಹೋದ. ದಾರಿಯುದ್ದಕ್ಕೂ ಮಾತು ಜೋಡಿಸಿದ. ಮೊದಲು ಜಗಳ: ಎಲ್ಲರೆದುರು ಯಾಕ ಕೇಳಿದ್ರಿ? ಆಮೇಲೆ ಬೂಚು ಕೈಗೆ ಕೊಡುವುದು.

ರಮಾಮಣಿ ಬಾಗಿಲು ತೆರೆದವರೇ, "ಅಯ್ಯೋ ಧರ್ಮಣ್ಣ! ಬನ್ನಿ, ಬನ್ನಿ," ಅಂದರು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಕಾಫಿ ತಂದರು. ಸುಂದ್ರವ್ವ ಹೇಗಿದ್ದಾಳೆ ಅಂತ ಕೇಳಿದರು, ನಿಮಗೀಗ ಕೆಸರು ಹೊರುವ ಪಾಡು ತಪ್ಪಿತಲ್ಲ ಅಂತ ನಕ್ಕರು. ನಗು ಅದೇ.

"ಗೊತ್ತಾ ಧರ್ಮಣ್ಣ, ಅಮೆರಿಕದಲ್ಲಿ ಯಾರೋ ಮಾಡಿ ತೋರಿಸಿದ್ದಾರೆ. ಹೋದ ವರ್ಷ ಅಚ್ಚಾಯಿತು. ಬ್ಯಾಕ್ಟೀರಿಯಾ ಯುರೇನಿಯಮ್ಮನ್ನ ಕೂರಿಸುತ್ತವೆಯಂತೆ. ಅವರದು ಕೂತಿತು, ನಮ್ಮದು ಎದ್ದು ಬಂತು. ಆ ಖಾಡಿಯ ಕೆಸರಲ್ಲೇ ಏನೋ ಕೊರತೆ ಇದ್ದಿರಬೇಕು."

"ಕೆಸರಿಗೇನೂ ಆಗಿರಲಿಲ್ರಿ ಅಕ್ಕಾರ." ದನಿ ಏರಿತು. ತನ್ನ ಮನೆಯವರನ್ನು ಅಂದಷ್ಟು ಸಿಟ್ಟು.

"ಹಾಗಾದರೆ ಗಾಳಿ ಹೋಗಿರಬೇಕಿತ್ತು. ಹೋಗಿರಲಿಲ್ಲವಲ್ಲ." ರಮಾಮಣಿ ಲೋಟ ಕೆಳಗಿಟ್ಟರು. "ನಿಜ ಹೇಳಲಾ? ಅವತ್ತು ನಿಮ್ಮನ್ನ ಕೇಳಿದಾಗ, ಹೌದು ಅನ್ನಲಿ, ತೆಗೆದಿದ್ದೆ ಅನ್ನಲಿ ಅಂತ ಚಾಮುಂಡೀನ ಬೇಡ್ಕೋತಿದ್ದೆ. ನೀವು ಹೌದು ಅಂದಿದ್ದರೆ ನನ್ನ ಕೆಲಸ ಉಳೀತಿತ್ತು. ಬೇರೆ ಯಾರೇ ಇಲ್ಲ ಅಂದಿದ್ದರೂ ಅನುಮಾನ ಪಡ್ತಿದ್ದೆ, ಬೂಚುಗಳನ್ನ ಬಿಚ್ಚಿ ನೋಡ್ತಿದ್ದೆ. ಹೇಳಿದವರು ನೀವು. ನೀವು ಸುಳ್ಳಾಡಲ್ಲ. ಅದಕ್ಕೇ ಬಿಟ್ಟುಬಿಟ್ಟೆ."

ಧರ್ಮಣ್ಣನ ಕೈ ಕಿಸೆಯೊಳಗಿತ್ತು. ಬೂಚು ಬೆರಳಿಗೆ ಸಿಕ್ಕಿತ್ತು. ಬಸ್ ಸ್ಟಾಪಿನ ತನಕ ಹುಡುಗರನ್ನು ಅಟ್ಟಿದ ಮನುಷ್ಯ, ಲೋಕಲ್ಲಿನಲ್ಲಿ ಯಾರಿಗೂ ಸೋಲದ ಬಾಯಿ. ಎರಡು ಮೂಟೆ ಹೇರಿದಂತೆ ನಾಲಿಗೆ ಕೂತುಬಿಟ್ಟಿತು, ಏಳಲಿಲ್ಲ. ರಮಾಮಣಿ ಸುಂದ್ರವ್ವನಿಗೆಂದು ಕೋಡುಬಳೆ ಕಟ್ಟಿಕೊಟ್ಟರು. ತೆಗೆದುಕೊಂಡು ಮೆಟ್ಟಿಲಿಳಿದ. ಮತ್ತೆ ಬರಬೇಕು, ಬಂದು ಹೇಳಬೇಕು ಅಂದುಕೊಂಡ. ಮಳೆಗಾಲ ಕಳೆದ ಮೇಲೆ ಹೋಗಿ ನೋಡಿದರೆ ಆ ಬಾಗಿಲಲ್ಲಿ ಬೇರೆಯವರ ಹೆಸರಿನ ಹಲಗೆ. ಸೀತಾರಾಮ ಅವರಿಗೆ ವರ್ಗವಾಗಿತ್ತು. ಎಲ್ಲಿಗೆಂದು ವಾಚ್‌ಮನ್‌ಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ರೈಲು ಖಾಡಿ ದಾಟಿ ವಾಶಿಗೆ ಹೋಗತೊಡಗಿತ್ತು. ಒಮ್ಮೆ ಆ ಕಡೆ ಕೆಲಸವಿದ್ದು ಹೋದಾಗ ಸೇತುವೆಯ ಮೇಲಿಂದ ಇಳಿತದ ಹೊತ್ತಿನ ಕೆಸರು ಕಂಡಿತು, ಕಪ್ಪಗೆ, ಬಿಸಿಲಿಗೆ ಮಿನುಗುತ್ತಾ. ಬಾಗಿಲಲ್ಲಿ ನಿಂತಿದ್ದವರು ಮೂಗು ಮುಚ್ಚಿಕೊಂಡರು. ಧರ್ಮಣ್ಣ ಮುಚ್ಚಿಕೊಳ್ಳಲಿಲ್ಲ.

ಆ ವರ್ಷದ ಖಂಡೇ ನವಮಿಗೆ ಸುಂದ್ರವ್ವ ಟ್ರಂಕು ತೆಗೆದು ಪೂಜೆಯ ಸಾಮಾನು ಹುಡುಕುತ್ತಿದ್ದಾಗ ಕರವಸ್ತ್ರದ ಗಂಟು ಸಿಕ್ಕಿತು. ಬಿಚ್ಚಿ ನೋಡಿ, "ಇದ್ಯಾವ ಬೂಚ್ರೀ? ನಡುವ ತೂತೂ ಐತಿ. ಊದಿನಕಡ್ಡಿ ಚುಚ್ಚಾಕ ಚಲೋ ಆಗತೈತಿ," ಅಂದಳು.

ಧರ್ಮಣ್ಣ ಒಂದೇ ನೆಗೆತಕ್ಕೆ ಬಂದು ಕಿತ್ತುಕೊಂಡ. "ಇಡ ಅಲ್ಲೇ! ಎಲ್ಲಾದಕ್ಕೂ ಕೈ ಹಾಕತೀ!"

"ಅಯ್ಯ, ಒಂದ ರಬ್ಬರಿನ ತುಂಡಿಗೆ ಇಷ್ಟ ಸಿಟ್ಟ? ಯಾರ್ದ್ರಿ ಅದು?"

"ಅಕ್ಕಾರದು," ಅಂದ ಧರ್ಮಣ್ಣ, ಮತ್ತೆ ಗಂಟು ಕಟ್ಟುತ್ತಾ. "ಕೊಡೂದೈತಿ."